ಲಂಕೆಯಲ್ಲಿ ಸಿಕ್ಕ ವಳಕಮದಿನ್ನಿಯವನು

ಕೊಲಂಬೊ ವಿಮಾನ ನಿಲ್ದಾಣದ ಹೊರಗೆ ಬಿಳಿ ಅಂಗಿಯ ಎತ್ತರದ ಒಬ್ಬ ವ್ಯಾನಿಗೆ ಒರಗಿ ನಿಂತಿದ್ದ. ಕೈಯಲ್ಲಿ ಒಂದು ರಟ್ಟು. ಅದರ ಮೇಲೆ ಇಂಗ್ಲಿಷಿನಲ್ಲಿ 'ಮಸ್ಕಿ ವೆಡ್ಡಿಂಗ್' ಎಂದು ಬರೆದಿತ್ತು.

ಅಂಬಿಕಾ ಸೀದಾ ಅವನ ಮುಂದೆ ಹೋಗಿ ನಿಂತಳು. ಶಾಲೆಯ ಮಕ್ಕಳಿಗೆ ಡಿಕ್ಟೇಶನ್ ಕೊಡುವ ಧಾಟಿಯಲ್ಲಿ ಒಂದೊಂದೇ ಪದ ಬಿಡಿಸಿ ಹೇಳಿದಳು.

"ಡ್ರೈವರ್, ದಿಸ್ ಬ್ಯಾಗ್ ಕೇರ್‌ಫುಲ್. ಇನ್‌ಸೈಡ್ ರೊಟ್ಟಿ. ನೋ ಥ್ರೋ."

ಅವನು ಒಂದು ಕ್ಷಣ ಅವಳ ಮುಖ ನೋಡಿದ. ತುಟಿಯ ಒಂದು ಮೂಲೆ ಅಲುಗಿತೋ ಇಲ್ಲವೋ. "ಯೆಸ್ ಮೇಡಮ್" ಎಂದು ಬ್ಯಾಗನ್ನು ಎರಡೂ ಕೈಯಲ್ಲಿ ಎತ್ತಿ, ಎಳೆಗೂಸನ್ನು ಮಲಗಿಸುವಂತೆ ಹಿಂದಿನ ಸೀಟಿನ ಮೇಲೆ ಇಟ್ಟ.

"ಮೈ ಮದರ್, ಫ್ರಂಟ್ ಸೀಟ್. ನೀ ಪೇನ್. ಏಸಿ ಸ್ಲೋ."

"ಯೆಸ್ ಮೇಡಮ್."

ಅಷ್ಟರಲ್ಲಿ ಲುಂಗಿ ಉಟ್ಟ ಬೇರೊಬ್ಬ ಕೀಲಿಕೈ ತಿರುಗಿಸುತ್ತ ಬಂದು ಸ್ಟೀರಿಂಗಿನ ಹಿಂದೆ ಕುಳಿತ. ಬಿಳಿ ಅಂಗಿಯವನು ಅಂಬಿಕಾಳ ತಾಯಿ ಅಯ್ಯಮ್ಮನ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತ, ಅಪ್ಪಟ ಸಿಂಧನೂರಿನ ಮಾತಿನಲ್ಲಿ ಕೇಳಿದ. "ಏನವ್ವಾ, ವಿಮಾನದಾಗ ಕಿವಿ ನೊಂದ್ವೇನು?"

ವ್ಯಾನಿನೊಳಗಿದ್ದ ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಅಂಬಿಕಾಳ ಕಿವಿ ಬಿಸಿಯಾದವು.

"ಅಕ್ಕಾ, ಅವರು ವೀರೇಶನ ಸೋದರಮಾವ!" ತಂಗಿ ಪ್ರಿಯಾಂಕಾ ಕಣ್ಣೊರೆಸಿಕೊಳ್ಳುತ್ತ ಹೇಳಿದಳು. "ಪಂಪಾಪತಿ ಅಂತ. ನಿಶ್ಚಯಕ್ಕ ಬಂದಿರಲಿಲ್ಲ. ಎಲ್ಲಾ ಬಂದೋಬಸ್ತ್ ಮಾಡಾಕ ಎರಡು ದಿನ ಮೊದ್ಲ ಬಂದಾರ."

"ಹೇಳಬಾರದೇನ್ರಿ?" ಅಂಬಿಕಾ ಅವನತ್ತ ತಿರುಗಿದಳು.

"ಹೇಳಾಕ ನೀವು ಬಿಟ್ರ ತಾನೇ ಹೇಳೋದು. ನೋ ಥ್ರೋ ಅಂದ್ರಿ, ಅಂಜಿಬಿಟ್ಟೆ."

ಪ್ರಿಯಾಂಕಾ, ವೀರೇಶ ಇಬ್ಬರೂ ಲಿಂಗಸುಗೂರಿನ ಒಂದೇ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಎರಡೂ ಬೌದ್ಧ ಕುಟುಂಬಗಳು. ಅಂಬಿಕಾಳ ತಂದೆ ನರಸಣ್ಣ ಮಸ್ಕಿಯಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದವರು. ಒಮ್ಮೆಯಾದರೂ ಅನುರಾಧಪುರದ ಬೋಧಿವೃಕ್ಷ ನೋಡಬೇಕು ಎನ್ನುತ್ತಲೇ ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಮಸ್ಕಿಯ ಹಾಲ್‌ನಲ್ಲಿ ಎರಡು ಸಾವಿರ ಜನಕ್ಕೆ ಊಟ ಹಾಕುವ ಬದಲು ಹದಿನೆಂಟು ಜನ ಲಂಕೆಗೆ ಹೋಗಿ, ನಾಲ್ಕು ದಿನ ಸುತ್ತಾಡಿ, ಕ್ಯಾಂಡಿಯಲ್ಲಿ ಮದುವೆ ಮಾಡಿಕೊಳ್ಳೋಣ ಎಂದು ಹಟ ಹಿಡಿದವಳು ಪ್ರಿಯಾಂಕಾ. ಹಿರಿಯರನ್ನು ಒಪ್ಪಿಸಿದವಳು ಅಂಬಿಕಾ.

ಅಂಬಿಕಾಳಿಗೆ ಮೂವತ್ತೈದು. ಪಾಮನಕಲ್ಲೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ತಂದೆಯ ನಂತರ ತಂಗಿಯ ಓದು, ತಾಯಿಯ ಮಂಡಿನೋವು, ಮನೆ ಎಲ್ಲವೂ ಅವಳದೇ. ತನ್ನ ಮದುವೆಯ ಮಾತು ಬಂದರೆ "ಆ ಕ್ಲಾಸು ಮುಗದೈತಿ" ಎಂದು ನಕ್ಕು ಎದ್ದುಬಿಡುತ್ತಿದ್ದಳು.

* * *

ಮರುದಿನ ಬೆಳಿಗ್ಗೆ ಅನುರಾಧಪುರ. ಬೋಧಿವೃಕ್ಷದ ಕೆಳಗೆ ಅಯ್ಯಮ್ಮ ತಾವರೆ ಇಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತಳು. ಎದ್ದಾಗ ಹಗುರಾಗಿದ್ದಳು. "ನಿಮ್ಮಪ್ಪಗ ಎಲ್ಲಾ ಹೇಳೀನಿ" ಎಂದಳು, ಫೋನಿನಲ್ಲಿ ಮಾತಾಡಿ ಮುಗಿಸಿದವಳ ಹಾಗೆ.

ಅಲ್ಲಿಂದ ಮಿಹಿಂತಲೆಯ ಬೆಟ್ಟ. ದೇವಕಣಗಿಲೆಯ ಬಿಳಿ ಹೂ ಉದುರಿದ ಸಾವಿರಾರು ಮೆಟ್ಟಿಲು. ಅರ್ಧದಲ್ಲಿ ನೆರಳಿಗೆ ನಿಂತಾಗ ಅಂಬಿಕಾ ತನಗರಿವಿಲ್ಲದೆ ಟೀಚರ್ ಆದಳು.

"ಅಶೋಕನ ಮಗ ಮಹಿಂದ ಇಲ್ಲೇ ಬಂದು ಇಲ್ಲಿಯ ರಾಜನಿಗೆ ಧರ್ಮ ಹೇಳಿದ ಅಂತಾರ. ಆ ಅಶೋಕನ ಹೆಸರು ಇರೋ ಶಾಸನ ಮೊದಲು ಸಿಕ್ಕಿದ್ದು ಎಲ್ಲಿ? ನಮ್ಮ ಮಸ್ಕಿಯಾಗ!"

"ಮೇಡಮ್, ಒಂದು ಡೌಟು." ಹಿಂದಿನಿಂದ ಕೈ ಎತ್ತಿದವನು ಪಂಪಾಪತಿ. "ಅಪ್ಪ ಮಸ್ಕಿತನಕ ಬಂದಿದ್ದ, ಮಗ ಇಲ್ಲಿಗ ಬಂದ. ಮಗ ಬರೋ ಮುಂದ ಮಸ್ಕಿ ಮ್ಯಾಲೆ ಬಂದ್ನೋ, ಸಿಂಧನೂರು ಬೈಪಾಸಿನ್ಯಾಗ ಬಂದ್ನೋ?"

"ಹಿಂದಿನ ಬೆಂಚಿನವರು ಸುಮ್ಮ ಕುಂದ್ರಬೇಕು."

"ಹಿಂದಿನ ಬೆಂಚಿಗೆ ಮೇಡಮ್ಮಾರು ಭಾಳ ಚಂದ ಕಾಣ್ತಾರ, ಅದಕ್ಕ ಕುಂತೀವ್ರಿ" ಎಂದುಬಿಟ್ಟ ಅವನು. ಹೇಳಿದ ಮೇಲೆ ತಾನೇ ಗಾಬರಿಯಾದ. ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದು, ಕುಡಿಯದೆ ಮತ್ತೆ ಮುಚ್ಚಿದ.

ಅಂಬಿಕಾ ಬೆಟ್ಟದ ಕಡೆಗೆ ಮುಖ ತಿರುಗಿಸಿದಳು. ನಗು ಅವನಿಗೆ ಕಾಣಬಾರದಿತ್ತು.

ಸಂಜೆ ಎಲ್ಲರೂ ಊರ ಪಕ್ಕದ ಹಳೆಯ ಕೆರೆಯ ದಂಡೆಗೆ ಹೋದರು. ಉಳಿದವರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ ಪಂಪಾಪತಿ ಒಡ್ಡಿನ ಕೆಳಗಿಳಿದು ಕಲ್ಲಿನ ತೂಬನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಅವನು ತುಂಗಭದ್ರಾ ಎಡದಂಡೆ ಕಾಲುವೆಯ ಎಂಜಿನಿಯರ್.

"ಟೀಚರ್, ಇಲ್ಲಿ ಬರ್ರಿ! ಎರಡು ಸಾವಿರ ವರ್ಷ ಆಗ್ಯಾವ. ಸಿಮೆಂಟಿಲ್ಲ, ಮೋಟರಿಲ್ಲ. ಕಡೀ ಹೊಲದ ತನಕ ನೀರು ಮುಟ್ಟಿಸ್ಯಾರ. ನಾ ಬೇಸಿಗ್ಯಾಗ ಕಡೀ ಹೊಲದವರಿಗೆ ಮಕ ತೋರಸಾಕ ನಾಚ್ತೀನಿ."

ಅವನ ಕಣ್ಣು ಮಕ್ಕಳ ಕಣ್ಣಿನಂತೆ ಹೊಳೆಯುತ್ತಿದ್ದವು. ಅಂಬಿಕಾ ದಂಡೆಯಿಂದ ಇಳಿದಳು. ಜಾರುವ ಕಲ್ಲಿನ ಮೇಲೆ ಅವನು ಕೈ ಚಾಚಿದ. ಅವಳು ಹಿಡಿದಳು. ಗಟ್ಟಿ ನೆಲ ಸಿಕ್ಕ ಮೇಲೆ ಬಿಡಬೇಕಿತ್ತು. ಇಬ್ಬರೂ ಎರಡು ಉಸಿರು ತಡಮಾಡಿದರು.

"ನಿಮಗೇನ್ರಿ, ಕೆನಾಲ್ ಮಂದಿ" ಎಂದಳು ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತ. "ನಮ್ಮ ಪಾಮನಕಲ್ಲೂರಿನ ಹುಡುಗ್ರು ನೀರು ಕಂಡ್ರ ಕ್ಲಾಸು ಬಿಟ್ಟು ಓಡ್ತಾವು. ನಿಮ್ಮೂರು ಸಿಂಧನೂರ ಏನ್ರಿ?"

"ನೌಕರಿ ಸಿಂಧನೂರಾಗ. ಊರು ಅಲ್ಲೇ ಬಾಜೂಕ, ವಳಕಮದಿನ್ನಿ."

ಅಂಬಿಕಾಳ ಮುಖದ ಮೇಲಿನ ನಗು ಹಾಗೆಯೇ ಇತ್ತು. ಒಳಗೆ ಯಾರೋ ಅದನ್ನು ಒರೆಸಿಹಾಕಿದ್ದರು.

* * *

ಹನ್ನೊಂದು ವರ್ಷದ ಹಿಂದೆ ನರಸಣ್ಣ ಅವಳ ಫೋಟೋವನ್ನು ಕವರಿನಲ್ಲಿಟ್ಟುಕೊಂಡು ವಳಕಮದಿನ್ನಿಗೆ ಹೋಗಿದ್ದರು. ಹುಡುಗನ ಹೆಸರು ಪಂಪಾಪತಿ. ಆ ಕಡೆ ಊರಿಗೆ ಹತ್ತು ಜನ ಪಂಪಾಪತಿಗಳು ಇರುತ್ತಾರೆ. ಹೆಸರು ಕೇಳಿದಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಊರೂ ಸೇರಿದ ಮೇಲೆ ಅನುಮಾನ ಉಳಿಯಲಿಲ್ಲ.

ತಿಂಗಳಾದ ಮೇಲೆ ಆ ಕವರು ಹೋದ ಹಾಗೆಯೇ ವಾಪಸು ಬಂದಿತ್ತು. "ಹುಡುಗ ಇನ್ನೂ ಓದಾಕತ್ಯಾನಂತವ್ವಾ" ಎಂದಿದ್ದರು ತಂದೆ, ಅವಳ ಮುಖ ನೋಡದೆ. ಮುಂದಿನ ವಾರ ಸಂತೆಯಲ್ಲಿ, ಅದೇ ಊರಿನಲ್ಲಿ ಬೀಗತನವಿದ್ದ ಕಸ್ತೂರೆಮ್ಮ ಟೊಮ್ಯಾಟೊ ಆರಿಸುತ್ತ ನಾಲ್ಕು ಜನರ ಮುಂದೆ ಹೇಳಿದ್ದಳು. "ಹಳ್ಳಿ ಸಾಲಿ ಟೀಚರ್ ಬ್ಯಾಡ ಅಂದನಂತ ನೋಡು."

ಅವಳನ್ನು ಚುಚ್ಚಿದ್ದು ಆ ಮಾತಲ್ಲ. ಅದನ್ನು ಅವಳಿಂದ ಮುಚ್ಚಿಡಲು ತಂದೆ ಒಂದು ವಾರ ಪಟ್ಟ ಪಾಡು.

ಕ್ಯಾಂಡಿಗೆ ಹೋಗುವ ದಾರಿಯಲ್ಲಿ ಅಂಬಿಕಾ ಕಿಟಕಿಯ ಕಡೆಗೆ ಕುಳಿತಳು. ಪಂಪಾಪತಿ ಕೆಂಪೆಳನೀರು ತಂದುಕೊಟ್ಟ. "ಬ್ಯಾಡ್ರಿ" ಎಂದಳು. ಹೊಳೆಯಲ್ಲಿ ಮೀಯುವ ಆನೆಗಳನ್ನು ತೋರಿಸಿದ. "ಹೂಂ" ಎಂದಳು. ಊಟಕ್ಕೆ ನಿಂತಲ್ಲಿ ಅವನು ಅವಳ ತಾಯಿಯ ಪಕ್ಕ ಕುಳಿತ. ಎಲ್ಲ ಅಡಿಗೆಗೂ ತೆಂಗಿನಹಾಲು ಹಾಕುತ್ತಾರೆಂದು ದೂರುತ್ತಿದ್ದ ಅಯ್ಯಮ್ಮನ ತಟ್ಟೆಗೆ ರೊಟ್ಟಿ ಮುರಿದು ಹಾಕುತ್ತ, ನಡುನಡುವೆ ಮಗಳ ಕಡೆ ನೋಡುತ್ತಿದ್ದ.

* * *

ಮದುವೆಗೆ ಒಂದು ದಿನ ಮುಂಚೆ ಕ್ಯಾಂಡಿಯಿಂದ ಚಹಾ ತೋಟಗಳ ಬೆಟ್ಟಕ್ಕೆ ರೈಲು. ನೀಲಿ ಬಣ್ಣದ ರೈಲು ಆತುರವಿಲ್ಲದೆ ಹತ್ತುತ್ತಿತ್ತು. ಹಸಿರು ಇಳಿಜಾರಿನಲ್ಲಿ ಮೋಡ ಕೈಗೆ ಸಿಗುವಷ್ಟು ಹತ್ತಿರ. ಪ್ರಿಯಾಂಕಾ, ವೀರೇಶ ಬಾಗಿಲಲ್ಲಿ ಕುಳಿತು ಗಾಳಿಗೆ ಮುಖ ಕೊಟ್ಟಿದ್ದರು. ಅಯ್ಯಮ್ಮ ಶಾಲು ಹೊದ್ದು ತೂಕಡಿಸುತ್ತಿದ್ದಳು.

ಪಂಪಾಪತಿ ಎರಡು ಕಪ್ ಚಹಾ ಹಿಡಿದು ಬಂದು ಅಂಬಿಕಾಳ ಎದುರಿನ ಸೀಟಿನಲ್ಲಿ ಕುಳಿತ.

"ಟೀಚರ್, ನಾ ಏನರ ತಪ್ಪು ಮಾಡೀನೇನ್ರಿ? ಬೆಟ್ಟದ ಮ್ಯಾಲೆ ಅಂದ ಮಾತಿಗೆ ಸಿಟ್ಟು ಬಂದಿದ್ರ..."

"ಅದಕ್ಕಲ್ಲ." ಅವಳು ಕಪ್ಪಿನ ಸುತ್ತ ಬೆರಳು ಸುತ್ತಿದಳು. "ಹನ್ನೊಂದು ವರ್ಷದ ಹಿಂದ ನಿಮ್ಮನಿಗೆ ಮಸ್ಕಿಯಿಂದ ಒಬ್ರು ಪೋಸ್ಟ್‌ಮ್ಯಾನ್ ಬಂದಿದ್ರು. ಒಂದು ಕವರ್ ಕೊಟ್ಟಿದ್ರು. ನೆನಪೈತೇನು?"

ಅವನ ಮುಖದ ಬಣ್ಣ ನಿಧಾನಕ್ಕೆ ಇಳಿಯಿತು. ರೈಲು ಸುರಂಗದೊಳಗೆ ಹೊಕ್ಕಿತು. ಕತ್ತಲಲ್ಲಿ ಗಾಲಿಯ ಸದ್ದು ಮಾತ್ರ. ಬೆಳಕು ಮರಳಿದಾಗ ಅವನು ಇನ್ನೂ ಅವಳನ್ನೇ ನೋಡುತ್ತಿದ್ದ.

"ಅದು ನಿಮ್ಮ ಫೋಟೋ?"

"ನೋಡಿರಲಿಲ್ಲೇನು?"

"ಇಲ್ಲ. ಕವರ್ ಬಿಚ್ಚಲಿಲ್ಲ." ಅವನ ದನಿ ತಗ್ಗಿತ್ತು. "ಧಾರವಾಡದಾಗ ಕೋಚಿಂಗ್ ನಡದಿತ್ತು. ಕೆಎಎಸ್ ಮಾಡಿ ಆಫೀಸರ್ ಆಗತೀನಂತ ತಲ್ಯಾಗ ತುಂಬಿತ್ತು. ಹಳ್ಳಿ ಸಾಲಿ ಟೀಚರ್ ಅಂತ ಅವ್ವ ಹೇಳಿದ್ಲು. ಬ್ಯಾಡ ಅಂದೆ. ಮೂರು ಸಲ ಬರದೆ, ಆಗಲಿಲ್ಲ. ಆಮ್ಯಾಲೆ ಈ ನೌಕರಿ. ಅಪ್ಪ ಹಾಸಿಗಿ ಹಿಡಿದ, ಆರು ವರ್ಷ. ಹಿಂಗ ದಿನಾ ಹೋದ್ವು."

ಅವಳು ಕಾದಿದ್ದು ಬೇರೆಯದಕ್ಕೆ. ಮನೆಯವರು ಒಪ್ಪಲಿಲ್ಲ, ನನಗೆ ಗೊತ್ತೇ ಇರಲಿಲ್ಲ ಎಂದಾನು ಎಂದುಕೊಂಡಿದ್ದಳು. ಹಾಗೆ ಹೇಳಿದ್ದರೆ ಅವನನ್ನು ಸುಳ್ಳುಗಾರನೆಂದು ಬಿಟ್ಟುಬಿಡುವುದು ಸುಲಭವಿತ್ತು.

"ಸುಳ್ಳು ಹೇಳಬಹುದಿತ್ತಲ್ಲ?"

"ನಿಮ್ಮ ಮುಂದ ಬಾಯಿ ಬರಲಿಲ್ಲ."

"ನನ್ನ ಬ್ಯಾಡ ಅಂದದ್ದು ದೊಡ್ಡದಲ್ರಿ" ಎಂದಳು ಅಂಬಿಕಾ. "ಅಪ್ಪ ನನಗ ಒಂದೂ ಸುಳ್ಳು ಹೇಳಿದಾಂವಲ್ಲ. ಆವತ್ತು ಹೇಳಿದ."

ಅವನು ತಲೆ ತಗ್ಗಿಸಿದ. ಕ್ಷಮಿಸಿ ಎನ್ನಲಿಲ್ಲ. ಚಹಾ ಇಬ್ಬರ ಕೈಯಲ್ಲೂ ತಣ್ಣಗಾಯಿತು.

* * *

ಸಂಜೆ ಕ್ಯಾಂಡಿಯ ಕೆರೆಯ ಸುತ್ತ ಎಲ್ಲರೂ ನಡೆಯಲು ಹೊರಟರು. ಮಂಡಿನೋವಿನ ಅಯ್ಯಮ್ಮ ಬೆಂಚಿನ ಮೇಲೆ ಉಳಿದಳು. ಅಂಬಿಕಾ ಹಿಂದಿನ ಮರದ ಬುಡದಲ್ಲಿ ನಿಂತು ನೀರಿನ ಮೇಲಿನ ಕೊಕ್ಕರೆಗಳನ್ನು ನೋಡುತ್ತಿದ್ದಳು. ಪಂಪಾಪತಿ ಬಂದು ಅಯ್ಯಮ್ಮನ ಕಾಲ ಬಳಿ ನೆಲದ ಮೇಲೇ ಕುಳಿತದ್ದು ಅವಳಿಗೆ ಕಂಡಿತು. ಮರದ ಹಿಂದೆ ಇದ್ದ ಅವಳು ಅವನಿಗೆ ಕಂಡಿರಲಿಲ್ಲ.

"ಅವ್ವಾ, ಒಂದು ಮಾತು ಹೇಳ್ಬೇಕು. ಹಿಂದ ನಿಮ್ಮ ಯಜಮಾನ್ರು ನಮ್ಮನಿಗೆ ಬಂದಿದ್ರು. ಅವರ ಮಗಳನ್ನ ಬ್ಯಾಡ ಅಂದಾಂವ ನಾನ. ಫೋಟೋ ಸುದ್ದಾ ನೋಡದ ಅಂದೆ. ಅವರ ಮುಂದ ಹೇಳಬೇಕಿತ್ತು. ಈಗ ಅವರಿಲ್ಲ. ನಿಮ್ಮ ಮುಂದ ಹೇಳಾಕತ್ತೀನಿ. ತಪ್ಪಾತು."

ಅಯ್ಯಮ್ಮ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತೈತಿ ಬಿಡೋ. ನಿಶ್ಚಯದ ದಿನಾನ ನಿಮ್ಮಕ್ಕ ಸುರೇಖಾ, ವೀರೇಶನ ಅವ್ವ, ಹೇಳ್ಯಾಳ. ಹೇಳ್ತ ಹೇಳ್ತ ಆಕಿ ಅತ್ತಿದ್ಲು."

"ಗೊತ್ತಿದ್ದೂ ನನ್ನ ಕೈಲೆ ರೊಟ್ಟಿ ತಿಂದ್ರಿ?"

"ಹಸದಿದ್ದೆ, ತಿಂದೆ." ಅವಳು ನಕ್ಕಳು. "ನಮ್ಮ ಯಜಮಾನ ಆ ಕವರ್ ವಾಪಸು ತಂದಾವತ್ತು ಏನಂದ ಗೊತ್ತೇನು? 'ಆ ಮನಿ ಮಂದಿ ಒಳ್ಳೇರು ಅದಾರ. ಹುಡುಗಗ ಇನ್ನಾ ಬುದ್ಧಿ ಬಂದಿಲ್ಲ, ಅಷ್ಟ' ಅಂದ. ಸಿಟ್ಟು ಮಾಡಿರಲಿಲ್ಲ. ಮಗಳಿಗೆ ಹೆಂಗ ಹೇಳಲಿ ಅಂತ ಒದ್ದಾಡಿದ, ಅದು ಬ್ಯಾರೆ. ಈಗರ ಬುದ್ಧಿ ಬಂದೈತೇನು?"

"ಬಂದೈತ್ರಿ."

"ಬಂದಿದ್ರ ನನಗ್ಯಾಕ ಹೇಳ್ತಿ? ಆ ಮರದ ಹಿಂದ ಒಬ್ಬಾಕಿ ನಿಂತಾಳ ನೋಡು. ಆಕಿಗೆ ಹೇಳು."

ಅವನು ಬೆಚ್ಚಿ ತಿರುಗಿದ. ಅಂಬಿಕಾ ಅಷ್ಟರಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು, ಕೆರೆಯ ಕಡೆಗೆ ಸರಸರ ನಡೆಯುತ್ತಿದ್ದಳು. ತಂದೆ ಹಾಗೆ ಅಂದಿದ್ದರೆಂದು ಅವಳಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಅವಳು ಹನ್ನೊಂದು ವರ್ಷ ಎದೆಯೊಳಗೆ ಹೊತ್ತು ತಿರುಗಿದ್ದ ಭಾರವನ್ನು ತಂದೆ ಅಂದೇ ಇಳಿಸಿಟ್ಟು ಮಲಗಿದ್ದರು.

* * *

ಮದುವೆ ಬೆಳಿಗ್ಗೆ ಹೋಟೆಲಿನ ತೋಟದಲ್ಲಿ. ಬುದ್ಧನ ಮೂರ್ತಿ, ಪಕ್ಕದಲ್ಲಿ ಮಸ್ಕಿಯಿಂದ ತಂದ ಬಾಬಾಸಾಹೇಬರ ಫೋಟೋ. ಕಾವಿಯ ಭಿಕ್ಕುಗಳು ತ್ರಿಶರಣ ಹೇಳಿದರು. ಹದಿನೆಂಟು ದನಿ ಅದನ್ನು ಹಿಂಬಾಲಿಸಿತು. ಪ್ರಿಯಾಂಕಾ ಬಿಳಿ ಸೀರೆಯಲ್ಲಿ ಅಳುತ್ತ ನಗುತ್ತಿದ್ದಳು.

ಊಟದ ಹೊತ್ತಿಗೆ ಪಂಪಾಪತಿ ಅಂಬಿಕಾಳ ಪಕ್ಕಕ್ಕೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೆನ್ನೆಯ ಮೇಲೆ ಗಡಿಬಿಡಿಯಲ್ಲಿ ಶೇವ್ ಮಾಡಿದ ಗಾಯ.

"ಟೀಚರ್, ಕೇಳಾಕ ನನಗ ಹಕ್ಕಿಲ್ಲ. ಆದ್ರೂ ಕೇಳ್ತೀನಿ. ನನ್ನ ಮದುವಿ ಆಗ್ತೀರೇನು?"

ಅಂಬಿಕಾ ಅವನ ಗಾಯ ನೋಡಿದಳು. ಬೆರಳು ಚಾಚಬೇಕೆನ್ನಿಸಿತು. ಚಾಚಲಿಲ್ಲ.

"ನಾ ಬ್ಯಾಡ ಅಂದ್ರ?"

"ಅಂದ್ರ ಅಂದ್ರಿ. ನೋಡಿ ಅಂದಿರ್ತೀರಿ. ನನ್ಹಂಗ ನೋಡದ ಅಲ್ಲ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. "ಇಲ್ಲಿ ಹೇಳಂಗಿಲ್ರಿ. ಇಲ್ಲಿ ಹಸರು, ಮೋಡ, ರೈಲು. ಯಾರನ್ನ ನೋಡಿದ್ರೂ ಚಂದ ಕಾಣ್ತಾರ. ಊರಿಗೆ ಹೋಗಿ ಹೇಳ್ತೀನಿ. ಬರ್ರಿ ಮಸ್ಕಿಗೆ."

"ಯಾವತ್ತು?"

"ಐತವಾರ ಬಸ್ಸು ಇರ್ತಾವಲ್ಲ?"

* * *

ಅವನು ಪ್ರತಿ ಐತವಾರ ಬಂದ. ಸಿಂಧನೂರಿನಿಂದ ಹತ್ತು ಗಂಟೆಯ ಬಸ್ಸು ಇಳಿದು, ಧೂಳು ಕೊಡವಿಕೊಂಡು ಮನೆಗೆ ಬರುತ್ತಿದ್ದ. ಅಯ್ಯಮ್ಮನ ಜೊತೆ ಚಹಾ, ಅಂಬಿಕಾಳ ಜೊತೆ ವಾದ. ಒಂದು ಸಲ ಶಾಸನದ ಬಂಡೆಯ ತನಕ ನಡೆದು ಹೋದರು. ಇನ್ನೊಂದು ಸಲ ಅವಳು ಪರೀಕ್ಷೆಯ ಪೇಪರ್ ತಿದ್ದುತ್ತಿದ್ದರೆ ಅವನು ಮಾರ್ಕ್ಸ್ ಕೂಡಿಸಿಕೊಟ್ಟ. ಎರಡು ಕಡೆ ತಪ್ಪು ಕೂಡಿಸಿ ಬೈಸಿಕೊಂಡ.

ಮಾರ್ಚ್ ಕೊನೆಯಲ್ಲಿ ಮಾತು ಹದಗೆಟ್ಟಿತು.

"ಮುಂದ ನೀವು ಸಿಂಧನೂರಿಗೆ ಟ್ರಾನ್ಸ್‌ಫರ್ ಅರ್ಜಿ ಹಾಕಿದ್ರ..." ಎಂದು ಅವನು ಸಹಜವಾಗಿ ಶುರುಮಾಡಿದ.

ಅಂಬಿಕಾ ಪೆನ್ ಕೆಳಗಿಟ್ಟಳು. "ಯಾಕ? ಹಳ್ಳಿ ಸಾಲಿ ಇನ್ನೂ ಸಣ್ಣದ ಕಾಣತೈತೇನು?"

"ಹಂಗಲ್ಲ..."

"ಹಂಗ. ಕೇಳಲಿಲ್ಲ ನೀವು. ಹಾಕಿದ್ರ ಅಂದ್ರಿ. ಪಾಮನಕಲ್ಲೂರಾಗ ಈ ವರ್ಷ ಹನ್ನೆರಡು ಹುಡುಗೇರು ಹತ್ತನೇತ್ತ ಪರೀಕ್ಷಾ ಬರಿಯಾಕತ್ಯಾರ. ನಾ ಅಲ್ಲಿ ಸೇರಿದ ವರ್ಷ ನಾಕ ಮಂದಿ ಇದ್ರು. ನಾ ಆ ಊರು ಬಿಡಂಗಿಲ್ಲ."

ಅವನು ಚಹಾದ ಲೋಟ ಕೆಳಗಿಟ್ಟು, ಎದ್ದು ಹೋದ. ಮುಂದಿನ ಐತವಾರ ಬರಲಿಲ್ಲ. ಫೋನೂ ಇಲ್ಲ. ಹತ್ತು ಗಂಟೆಗೆ ಅಂಬಿಕಾ ಕೊತ್ತಂಬರಿ ತರುವ ನೆಪದಲ್ಲಿ ಬಸ್ ಸ್ಟ್ಯಾಂಡಿನ ತನಕ ಹೋದಳು. ಇಳಿದವರ ಮುಖಗಳನ್ನೆಲ್ಲ ನೋಡಿದಳು. ಕೊತ್ತಂಬರಿ ಮರೆತು ವಾಪಸು ಬಂದಳು. ಅಂದು ಅವಳಿಗೆ ತನ್ನ ಉತ್ತರ ತಿಳಿಯಿತು. ತಿಳಿದದ್ದಕ್ಕೆ ಸಿಟ್ಟೂ ಬಂತು.

ಅದರ ಮುಂದಿನ ಐತವಾರ ಅವನು ಬಂದ. ಮುಖ ಬಿಸಿಲಿಗೆ ಕಪ್ಪಾಗಿತ್ತು, ಕಣ್ಣು ಕೆಂಪು.

"ಕೆನಾಲ್ ಒಡೆದಿತ್ತು. ಐದು ದಿನ ದಂಡಿ ಮ್ಯಾಲೇ ಇದ್ದೆ, ಫೋನು ನೀರಿಗೆ ಬಿತ್ತು" ಎಂದ ಹೊಸ್ತಿಲಲ್ಲೇ ನಿಂತು. "ಕುಂತು ವಿಚಾರ ಮಾಡೀನಿ. ನೀವು ಅಂದದ್ದು ಖರೇ. ನಾ ಕೇಳಲಿಲ್ಲ. ಮಸ್ಕಿಯಾಗ ಇರೂಣು. ನಿಮ್ಮ ಸಾಲಿಗೆ ಹತ್ರ. ಸಿಂಧನೂರಿಗೆ ದಿನಾ ನಾ ಓಡಾಡ್ತೀನಿ, ಬಸ್ಸಿಗೇನು ಬರ ಐತಿ? ನಮ್ಮವ್ವ ಆದೆಮ್ಮನೂ ಬರ್ತೀನಿ ಅಂದಾಳ. ಅವ್ವಾರಿಬ್ರೂ ಕೂಡಿ ಎಲಿ ಅಡಿಕಿ ತಿನ್ನಲಿ. ನೀವು ಹೂಂ ಅಂದ್ರ. ಅನ್ನದಿದ್ರೂ ಹೇಳಬೇಕನಿಸ್ತು."

ಒಳಗಿನಿಂದ ಅಯ್ಯಮ್ಮ ಕೂಗಿದಳು. "ಅಡಿಗಿ ಆಗೈತಿ, ಮೊದ್ಲ ಉಣಬೇಕು. ಆಮ್ಯಾಲೆ ನ್ಯಾಯ."

ಅಂಬಿಕಾ ತಟ್ಟೆ ಇಟ್ಟಳು. ಬಡಿಸಿದಳು. ಅವನು ಉಂಡ. ಎರಡನೇ ಸಲ ಬೇಡವೆಂದರೂ ಬಡಿಸಿದಳು. ಅವನು ಅವಳ ಮುಖ ನೋಡಿದ. ಅಲ್ಲಿ ಏನೂ ಓದಲಾಗಲಿಲ್ಲ.

ನಾಲ್ಕು ಗಂಟೆಗೆ ಬಸ್ ಸ್ಟ್ಯಾಂಡಿನ ತನಕ ಜೊತೆಗೆ ನಡೆದಳು. ಬಸ್ಸು ತುಂಬಿತ್ತು. ಅವನಿಗೆ ಕಿಟಕಿಯ ಬಳಿ ನಿಲ್ಲಲು ಜಾಗ ಸಿಕ್ಕಿತು. ಕಂಡಕ್ಟರ್ "ಸಿಂಧನೂರ್, ಸಿಂಧನೂರ್" ಎಂದು ಬಾಗಿಲು ಬಡಿದ. ಅಂಬಿಕಾ ಕಿಟಕಿಯ ಅಂಚು ಹಿಡಿದಳು.

"ಮುಂದಿನ ಐತವಾರ ನೀ ಬರಬ್ಯಾಡ."

ಅವನ ಮುಖ ಸಪ್ಪಗಾಯಿತು. "ಆತ್ರಿ" ಎಂದ ಮೆತ್ತಗೆ.

"ನಾವ ಬರ್ತೀವಿ. ನಾನೂ ಅವ್ವನೂ, ವಳಕಮದಿನ್ನಿಗೆ. ನಿಮ್ಮವ್ವಗ ಹೇಳಿಡು."

ಬಸ್ಸು ಹೊರಟಿತು. ಅವನಿಗೆ ಅರ್ಥವಾಗಲು ಹತ್ತು ಮಾರು ಬೇಕಾಯಿತು. ಆಮೇಲೆ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಸ್ಟ್ಯಾಂಡಿನ ಜನರೆಲ್ಲ ತಿರುಗಿ ನೋಡುವ ಹಾಗೆ ಕೂಗಿದ.

"ಎಷ್ಟು ಗಂಟೆಗ್ರಿ?"

"ಮುಂಜಾನಿ ಜಲ್ದಿ!" ಅಂಬಿಕಾ ಕೂಗಿದಳು. ಇಡೀ ಮಸ್ಕಿ ಕೇಳಿದರೂ ಅವಳಿಗೆ ಅಡ್ಡಿಯಿರಲಿಲ್ಲ.